ಬಣ್ಣದಕ್ಕ ಫೈಲಿನಲ್ಲಿ ಬರೆದ ಸಾಲು

ಕಣ್ಣಾಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಬಣ್ಣದಕ್ಕ ಇಪ್ಪತ್ತೆಂಟು ವರ್ಷದಿಂದ ಕಣ್ಣು ಮಾಡುತ್ತಿದ್ದಳು. ಕಣ್ಣು ಕಳೆದುಕೊಂಡವರ ಗುಳಿಯ ಅಚ್ಚು ತೆಗೆದು, ಅದರ ಅಳತೆಗೆ ಪ್ಲಾಸ್ಟಿಕ್ಕಿನ ತೆಳು ಚಿಪ್ಪು ಎರೆದು, ಉಳಿದ ಕಣ್ಣನ್ನು ನೋಡಿ ನೋಡಿ ಅದರ ಜೋಡಿಯನ್ನು ಬರೆಯುವುದು ಅವಳ ಕೆಲಸ. ಪಾಪೆಯ ಸುತ್ತಲಿನ ಗೆರೆಗಳಿಗೆ ನಾಲ್ಕೇ ಕೂದಲಿನ ಕುಂಚ, ಬಿಳಿಭಾಗದ ನರಗಳಿಗೆ ಕೆಂಪು ರೇಷ್ಮೆ ದಾರದ ಎಳೆ. ಅವಳಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಕೈ ಅವನಿಂದ ಬಂದದ್ದು. ನಾಲಿಗೆ ಮಾತ್ರ ಅವಳ ಸ್ವಂತದ್ದು. ಆ ನಾಲಿಗೆಗೆ ಹೆದರದವರು ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರೊಬ್ಬರೇ. ಅವರಿಗೂ ಇವಳಿಗೂ ಎಣ್ಣೆ ಸೀಗೆಕಾಯಿ.

"ಕಾಣದ ಕಣ್ಣಿಗೆ ಮೂರು ದಿನ ಯಾಕಮ್ಮ ಬೇಕು? ಪೆಟ್ಟಿಗೇಲಿ ರೆಡಿಮೇಡ್ ಸಿಗುತ್ತಲ್ಲ," ಎನ್ನುವರು ಅವರು.

"ಅದು ನೋಡೋಕಲ್ಲ ಸಾರ್, ನಾಲ್ಕು ಜನರ ಮುಂದೆ ಮುಖ ಎತ್ತೋಕೆ," ಎನ್ನುವಳು ಇವಳು.

ಒಂದು ಸೋಮವಾರ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಚಪ್ಪಲಿ ಅಂಗಡಿಯಲ್ಲಿ ಕೆಲಸ. ನಾಲ್ಕು ತಿಂಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವಳ ಎಡಗಣ್ಣು ತೆಗೆದಿದ್ದರು. ಫೈಲಿನಲ್ಲಿ ದೊಡ್ಡ ಡಾಕ್ಟರ ಕೈಬರಹವಿತ್ತು: 'ಮೆಟ್ಟಿಲಿನಿಂದ ಬಿದ್ದು ಗಾಯ.' ಜೊತೆಗೆ ಗಂಡ. ಇಸ್ತ್ರಿ ಅಂಗಿ, ಬೆಣ್ಣೆಯಂಥ ಮಾತು. ಸ್ಟೂಲು ಎಳೆದುಕೊಂಡು ಹೆಂಡತಿಗಿಂತ ಮುಂದೆ ಕುಳಿತ.

"ಯಾರಿಗೂ ಗೊತ್ತಾಗ್ಬಾರ್ದು ಮೇಡಂ. ಏನೂ ಆಗೇ ಇಲ್ಲ ಅನ್ನೋ ಹಾಗಿರ್ಬೇಕು," ಎನ್ನುತ್ತ, ಎಲ್ಲಿ ಏನು ಎಂದು ತೋರಿಸಲು ಕೈ ಎತ್ತಿದ.

ಆಗ ಹೆಂಗಸಿನ ಬಲಗಣ್ಣು ತಟ್ಟನೆ ಮುಚ್ಚಿಕೊಂಡಿತು. ಭುಜ ಕಿವಿಯವರೆಗೆ ಬಂತು. ಬಣ್ಣದಕ್ಕ ಆ ಕಣ್ಣನ್ನೇ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ನೀವು ಹೊರಗೆ ಕೂತ್ಕೊಳ್ಳಿ."

"ನಾನು ಅವಳ ಗಂಡ."

"ಗಂಡನ ಕಣ್ಣು ಬರೀತಿಲ್ವಲ್ಲ ನಾನು. ಏಳಿ."

ಅವನು ಗೊಣಗುತ್ತ ಹೋದ. ಬಾಗಿಲು ತೆರೆದೇ ಬಿಟ್ಟಿದ್ದ. ಇವಳು ಕಾಲಿನಿಂದಲೇ ದಬ್ಬಿ ಮುಚ್ಚಿದಳು.

"ನಿಮ್ಮನೇಲಿ ಎಷ್ಟು ಮೆಟ್ಟಿಲಿದಾವೆ?"

ಹೆಂಗಸು ಮುಚ್ಚಿದ ಬಾಗಿಲ ಕಡೆ ನೋಡಿದಳು. "ಮೆಟ್ಟಿಲೇ ಇಲ್ಲ. ಬೀಗದ ಕೈ ಗೊಂಚಲು ಎಸೆದ."

"ಡಾಕ್ಟ್ರಿಗೆ ಹೇಳ್ಲಿಲ್ವಾ?"

"ಅವರು ಕೇಳಿದ್ದು ಅವನನ್ನ. ನಾನು ಪಕ್ಕದಲ್ಲೇ ಮಲಗಿದ್ದೆ."

ಬಣ್ಣದಕ್ಕನ ಮೈ ಉರಿದುಹೋಯಿತು. ಎರಡನೆಯ ದಿನ ಹೆಂಗಸು ಬಂದು ಕುಳಿತಾಗ ಕುಂಚ ಕೆಳಗಿಟ್ಟು ಹೇಳಿದಳು: "ಇದನ್ನ ನಾನು ಚೆನ್ನಾಗಿ ಮಾಡಿದ್ರೆ ಅವನು ಮಾಡಿದ್ದನ್ನ ನಾನೇ ಒರೆಸಿ ಕೊಟ್ಟ ಹಾಗೆ. ಒಂಚೂರು ಓರೆ ಬಿಡ್ತೀನಿ. ನೋಡಿದವರೆಲ್ಲ ಕೇಳ್ಲಿ, ಏನಾಯ್ತು ಅಂತ."

ಹೆಂಗಸು ಎದ್ದು ನಿಂತಳು. "ಕೇಳೋದು ಯಾರನ್ನ? ನನ್ನನ್ನ! ಅವನನ್ನಲ್ಲ. ಗಿರಾಕಿಗಳು ಹೆದರ್ತಾರೆ ಅಂತ ನಾಲ್ಕು ತಿಂಗಳಿಂದ ನನ್ನನ್ನ ಗೋಡೌನಿಗೆ ಹಾಕಿದಾರೆ. ನಿಮ್ಮ ಸಿಟ್ಟನ್ನೂ ಮುಖದ ಮೇಲೆ ಹೊತ್ಕೊಂಡು ತಿರುಗ್ಲಾ? ಕಣ್ಣು ಮಾಡೋಕೆ ಬರುತ್ತಾ ನಿಮಗೆ? ಬಂದ್ರೆ ಮಾಡಿ. ಇಲ್ದಿದ್ರೆ ಹೊರಗೆ ರೆಡಿಮೇಡ್ ತಗೋತೀನಿ."

ಬಣ್ಣದಕ್ಕನಿಗೆ ಕಪಾಳಕ್ಕೆ ಹೊಡೆದಂತಾಯಿತು. ಅವಳ ಕೋಣೆಯಲ್ಲಿ ಹಾಗೆ ಮಾತಾಡಿದವರು ಯಾರೂ ಇರಲಿಲ್ಲ. ತಿರುಗಿ ಬೈಯಲು ಹೊರಟವಳು ಕುಂಚ ಎತ್ತಿಕೊಂಡಳು. ಆ ದಿನವೂ, ಮರುದಿನ ಚಿಪ್ಪು ಮುಗಿಯುವವರೆಗೂ ಇಬ್ಬರ ನಡುವೆ 'ಮೇಲೆ ನೋಡಿ', 'ಕೆಳಗೆ ನೋಡಿ' ಬಿಟ್ಟರೆ ಬೇರೆ ಮಾತಿಲ್ಲ. ಹೆಂಗಸಿನ ಬಲಗಣ್ಣಿನ ಕಂದು ಬಣ್ಣದೊಳಗೆ, ಕೆಳಗಡೆ, ಜೇನಿನ ಬಣ್ಣದ ಒಂದು ಸಣ್ಣ ಚುಕ್ಕೆಯಿತ್ತು. ಅದನ್ನೂ ಬಿಡದೆ ಬರೆದಳು.

ಮೂರನೆಯ ದಿನ ಚಿಪ್ಪನ್ನು ಕೂರಿಸಿಕೊಂಡು ಹೆಂಗಸು ಬಹಳ ಹೊತ್ತು ಕನ್ನಡಿ ನೋಡಿದಳು. ಹೊಗಳಲಿಲ್ಲ. "ಫೈಲಲ್ಲಿ ಮೆಟ್ಟಿಲು ಅಂತ ಇದೆಯಲ್ಲ, ಅದರ ಕೆಳಗೆ ನಿಜ ಬರೀತೀರಾ?" ಎಂದಳು.

"ಈಗ ಬೇಕಾಯ್ತಾ?"

"ಅಂಗಡಿಯವರು ಕೌಂಟರಿಗೆ ವಾಪಸ್ ತಗೊಂಡ ದಿನ ಅವನ ಮನೆ ಬಿಡ್ತೀನಿ. ಅಕ್ಕನ ಮನೇಲಿ ಜಾಗ ಇದೆ. ಆವಾಗ ಬೇಕಾಗುತ್ತೆ."

ಬಣ್ಣದಕ್ಕ ಬೋರ್ಡು ಬರೆಯುವ ದುಂಡಕ್ಷರದಲ್ಲಿ ಬರೆದಳು: 'ಗಂಡ ಬೀಗದ ಕೈ ಗೊಂಚಲು ಎಸೆದು ಆದ ಗಾಯ. ಮನೆಯಲ್ಲಿ ಮೆಟ್ಟಿಲಿಲ್ಲ. ರೋಗಿಯೇ ಹೇಳಿದ್ದು.' ತಾರೀಖು ಹಾಕಿ ಸಹಿ ಮಾಡಿದಳು.

ಎರಡು ತಿಂಗಳಿಗೆ, ಹೆಂಗಸು ಕೊಟ್ಟ ದೂರಿನ ಮೇಲೆ, ಪೊಲೀಸರು ಆ ಫೈಲು ಕೇಳಿಕೊಂಡು ಬಂದರು. ದೊಡ್ಡ ಡಾಕ್ಟರು ಬಣ್ಣದಕ್ಕನನ್ನು ಕರೆಸಿದರು; ಕೂರಲು ಹೇಳಲಿಲ್ಲ.

"ನಿನ್ನ ಕೆಲಸ ಬಣ್ಣ ಹಚ್ಚೋದು. ನನ್ನ ಬರಹದ ಕೆಳಗೆ ಗೀಚೋಕೆ ನೀನು ಯಾರು?"

"ನೀವು ಕೇಳ್ಲಿಲ್ಲ ಸಾರ್. ನಾನು ಕೇಳಿದೆ."

"ದಿನಕ್ಕೆ ತೊಂಬತ್ತು ಜನರನ್ನ ನೋಡ್ತೀನಿ! ಒಬ್ಬೊಬ್ಬರ ಮನೆ ಕತೆ ಕೇಳ್ತಾ ಕೂತ್ರೆ ಉಳಿದವರ ಕಣ್ಣು ಹೋಗುತ್ತೆ."

"ಕತೆ ಕೇಳಿ ಅಂದೆನಾ? ಗಂಡನ್ನ ಆಚೆ ಕಳಿಸೋಕೆ ಎಷ್ಟು ಹೊತ್ತು ಬೇಕು?"

ತಪ್ಪಾಯಿತೆಂದು ಬರೆದುಕೊಡು ಎಂದರು. ಒಲ್ಲೆ ಎಂದಳು. ಮರುವಾರ ಅವಳ ಕೋಣೆಗೆ ಬೀಗ ಬಿತ್ತು. ಅವಳನ್ನು ಹೊರರೋಗಿಗಳ ಚೀಟಿ ಕೊಡುವ ಕಿಟಕಿಯಲ್ಲಿ ಕೂರಿಸಿದರು, ರೆಡಿಮೇಡ್ ಕಣ್ಣುಗಳ ಪೆಟ್ಟಿಗೆ ತರಿಸಿದರು. ಅವಳ ಕಣ್ಣೆದುರೇ ಜನ ಆ ಕಣ್ಣು ಹಾಕಿಕೊಂಡು ಹೋದರು. ಕೆಲವು ದಿನಗಳಲ್ಲಿ ಗುಳಿ ಕೆಂಪಾಗಿ, ನೀರು ಸುರಿಸಿಕೊಂಡು ವಾಪಸು ಬಂದರು. ಒಬ್ಬ ಮೇಷ್ಟ್ರ ಕಣ್ಣು ಪಾಠದ ನಡುವೆ ಜಾರಿ ಬಿತ್ತಂತೆ. ಐದನೆಯ ತಿಂಗಳಿಗೆ ದೊಡ್ಡ ಡಾಕ್ಟರು ನರ್ಸಿನ ಕೈಯಲ್ಲಿ ಕೋಣೆಯ ಬೀಗದ ಕೈ ಕಳಿಸಿದರು. ಒಂದು ಮಾತೂ ಕಳಿಸಲಿಲ್ಲ.

ವರ್ಷ ಕಳೆದ ಮೇಲೆ ಚಿಪ್ಪಿಗೆ ಪಾಲಿಶ್ ಮಾಡಿಸಲು ಚಪ್ಪಲಿ ಅಂಗಡಿಯ ಹೆಂಗಸು ಒಬ್ಬಳೇ ಬಂದಳು. ಕೇಸು ಇನ್ನೂ ಎಳೆಯುತ್ತಿತ್ತು. ಗಂಡನ ವಕೀಲರು ಕೋರ್ಟಿನಲ್ಲಿ ಅವಳ ಮುಖ ತೋರಿಸಿ, ಎರಡು ಕಣ್ಣೂ ಚೆನ್ನಾಗಿಯೇ ಇವೆಯಲ್ಲ ಎಂದಿದ್ದರು.

"ನೀವೇನು ಮಾಡಿದ್ರಿ?"

"ತೆಗೆದು ಅವರ ಮೇಜಿನ ಮೇಲಿಟ್ಟೆ."

ಬಣ್ಣದಕ್ಕ ನಗಲಿಲ್ಲ, ಆ ಹೆಂಗಸೂ ನಗಲಿಲ್ಲ. ಚಿಪ್ಪು ಹೊಳೆಯುವವರೆಗೆ ಉಜ್ಜಿ ಕೊಟ್ಟಳು.

ಆ ವರ್ಷವೇ ಆಸ್ಪತ್ರೆಯ ಫಾರಂ ಬದಲಾಯಿತು. 'ಗಾಯ ಹೇಗಾಯಿತು: ರೋಗಿಯನ್ನು ಒಂಟಿಯಾಗಿ ಕೇಳಿ ಬರೆಯುವುದು' ಎಂಬ ಹೊಸ ಸಾಲು ಕೈಬರಹದಲ್ಲೇ ಅಚ್ಚಾಗಿ ಸೇರಿತ್ತು. ಕೆಳಗೆ ದೊಡ್ಡ ಡಾಕ್ಟರ ಸಹಿ. ಇದು ತಮ್ಮದೇ ಯೋಚನೆಯೆಂದು ಅವರು ಸಭೆಯಲ್ಲಿ ಹೇಳಿಕೊಂಡರೆಂದು ನರ್ಸು ಬಂದು ತಿಳಿಸಿದಾಗ ಬಣ್ಣದಕ್ಕ ಫಾರಂ ನೋಡಿ ಮೂಗು ಮುರಿದಳು.

"ಅಕ್ಷರನೂ ಸೊಟ್ಟ," ಎಂದು ಅದನ್ನು ಆಚೆ ತಳ್ಳಿದಳು.