ಪುಣೆಯಲ್ಲಿ ಭರ್ತಿ

ನನಗಿಂತ ಎರಡೇ ವರ್ಷ ಚಿಕ್ಕವನಾದ ತಮ್ಮ ಹದಿನೆಂಟು ತುಂಬಿದ್ದೇ ತಡ ಮಿಲಿಟರಿಗೆ ಸೇರಿದ. ಯಾರೂ ಒತ್ತಾಯ ಮಾಡಿರಲಿಲ್ಲ. ಸಾಹೇಬರ ಕೈಕಾಲು ಹಿಡಿದು ಅಪ್ಪ ಭಾಂಡುಪಿನ ಕಾರ್ಖಾನೆಯಲ್ಲಿ ಗೊತ್ತು ಮಾಡಿದ್ದ ಕೆಲಸ ಬಿಟ್ಟು, ತಾನೇ ಹೋಗಿ ಸಾಲಿನಲ್ಲಿ ನಿಂತ. ಅಪ್ಪ ಅವನೊಡನೆ ಮಾತು ಬಿಟ್ಟ. ವಿಜಾಪುರದ ಮೊಂಡುತನ, ಊರು ಬಿಟ್ಟು ಚಾಳಿನ ಒಂದೇ ಕೋಣೆಯ ಖೋಲಿಗೆ ಬಂದರೂ ಕರಗಲಿಲ್ಲ.

ಎಪ್ಪತ್ತೊಂದರ ಚುನಾವಣೆಯ ಹೊತ್ತಿಗೆ ತಮ್ಮ ರಜೆಯ ಮೇಲೆ ಬಂದಿದ್ದ. ಅವ್ವ ಮತ್ತು ನನ್ನ ಜೊತೆ ಬೂತಿಗೂ ಬಂದ. ಇಪ್ಪತ್ತೊಂದು ಆಗಿಲ್ಲವೆಂದು ಅವನನ್ನು ಬಾಗಿಲಲ್ಲೇ ತಡೆದರು.

"ಇನ್ನೂ ಮೀಸಿ ಬಲೀಲಿ ಅಂತಾರ ನೋಡಕ್ಕಾ," ಎಂದು ಅವನು ನಕ್ಕ.

ಅವ್ವ ನಗಲಿಲ್ಲ. "ಗುಂಡಿಗೆ ಎದಿ ಕೊಡಾಕ ದೊಡ್ಡಾಂವ, ಶಿಕ್ಕಾ ಒತ್ತಾಕ ಸಣ್ಣಾಂವ? ಯಾವ ಊರ ನ್ಯಾಯ ಇದು?" ಎಂದು ಚುನಾವಣೆ ಕೆಲಸಕ್ಕೆ ಬಂದಿದ್ದ ಮರಾಠಿ ಮಾಸ್ತರರನ್ನು ಕನ್ನಡದಲ್ಲೇ ದಬಾಯಿಸಿದಳು. ಅವರು ಪಾಪ, "ಹೋ ಬಾಯಿ, ಹೋ ಬಾಯಿ" ಎಂದು ಹೌದೆಂಬಂತೆ ತಲೆಯಾಡಿಸಿದರು.

ವರ್ಷದ ಕೊನೆಗೆ ಯುದ್ಧ ಬಂತು, ತಮ್ಮನನ್ನು ಗಡಿಗೆ ಕಳಿಸಿದರು. ವಿಮಾನಗಳ ಭಯಕ್ಕೆ ಕಿಟಕಿಗೆ ಕರಿ ಕಾಗದ ಅಂಟಿಸಿಕೊಂಡು ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. ಒಂದು ಮಧ್ಯಾಹ್ನ, ಕೆಳಗೆ ಫೋನಿದ್ದ ಕಿರಾಣಿ ಅಂಗಡಿಯವನು ಕೂಗಿದ: "ಮಾವ್ಶಿ, ಆಪ್‌ಕಾ ಲಡ್ಕಾ ಪುಣೆ ಮೇಂ ಭರ್ತಿ ಹೈ!"

ಭರ್ತಿ ಎಂದರೆ ನಮಗೆ ಗೊತ್ತಿದ್ದದ್ದು ಒಂದೇ ಅರ್ಥ, ಮಿಲಿಟರಿಗೆ ಸೇರುವುದು. ತಮ್ಮ ಸೇರಿದಾಗ ಇಡೀ ಚಾಳು ಅದೇ ಮಾತು ಆಡಿತ್ತು. "ಗಡಿ ಬಿಡಿಸಿ ಪುಣೇಕ ಹಾಕ್ಯಾರ ನನ್ನ ಕೂಸಿನ್ನ!" ಎಂದು ಅವ್ವ ಮಾಳಿಗೆಗೆಲ್ಲ ಸಕ್ಕರೆ ಹಂಚಿದಳು. ನಾನೂ ಡಬ್ಬಿ ಹಿಡಿದು ಹಿಂದೆ ಹೋದೆ. ಪಕ್ಕದ ಮನೆಯ ಮರಾಠಿ ಬಾಯಿ ಮಾತ್ರ ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದು ನಿಂತಳು.

ಪಾಳಿ ಮುಗಿಸಿ ಬಂದ ಅಪ್ಪ ಸುದ್ದಿ ಕೇಳಿ, ಚಪ್ಪಲಿ ಕೂಡ ಬಿಡದೆ ಕೆಳಗೆ ಹೋಗಿ ವಿಚಾರಿಸಿ ಬಂದ.

"ಹುಚ್ಚಿ, ದವಾಖಾನಿಗೆ ಹಾಕೂದಕ್ಕೂ ಇಲ್ಲಿ ಭರ್ತೀನ ಅಂತಾರ."

ನಾವು ಪುಣೆ ಮುಟ್ಟುವಷ್ಟರಲ್ಲಿ ಅವನ ಮಂಚದಲ್ಲಿ ಬೇರೊಬ್ಬ ಹುಡುಗ ಮಲಗಿದ್ದ. ಬಿಟ್ಟ ಮಾತನ್ನು ಮತ್ತೆ ಆಡಲು ಅಪ್ಪನಿಗೆ ಮಗ ಸಿಗಲಿಲ್ಲ. ಅವ್ವ ಅಲ್ಲೇ ಹಣೆ ಹಣೆ ಬಡಿದುಕೊಂಡಳು: "ಸಕ್ರಿ ಹಂಚಿದ್ನಲ್ಲೋ ಯಪ್ಪಾ, ನಿನ್ನ ಸಾವಿಗೆ ಸಕ್ರಿ ಹಂಚಿದ್ನಲ್ಲೋ!"

ಕೆಲವೇ ತಿಂಗಳಲ್ಲಿ ಮತ್ತೆ ಚುನಾವಣೆ. ಈ ಸಲ ರಾಜ್ಯದ್ದು. ಪಕ್ಷದವರು ಹಾರ ಹಿಡಿದುಕೊಂಡು ನಮ್ಮ ಬಾಗಿಲಿಗೇ ಬಂದು, ಸತ್ತ ಜವಾನರ ಹೆಸರಿನಲ್ಲಿ ವೋಟು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದರೂ, ಇಪ್ಪತ್ತೊಂದು ತುಂಬದ ತಮ್ಮನಿಗೆ ಆ ಸಲವೂ ವೋಟು ಇರುತ್ತಿರಲಿಲ್ಲ. ವೋಟಿನ ದಿನ ಅವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಅಪ್ಪ ಮಾತ್ರ ಎದ್ದು ಹೋಗಿ ಹಾಕಿ ಬಂದ. ಬಂದವನು ಸೀದಾ ಖೋಲಿಯ ಮೂಲೆಯ ಮೋರಿಯಲ್ಲಿ, ಪಾತ್ರೆ ತೊಳೆಯುವ ಬಚ್ಚಲಲ್ಲಿ, ಕೂತು, ಬೆರಳಿನ ಶಾಯಿಯನ್ನು ಕಲ್ಲಿನಿಂದ ತಿಕ್ಕತೊಡಗಿದ. ಉಗುರಿನ ಬುಡದಲ್ಲಿ ರಕ್ತ ಬಂತು.

"ಅದು ಹೋಗಂಗಿಲ್ಲಪ್ಪಾ," ಎಂದು ಕೈ ಹಿಡಿದೆ.

"ಗುಂಡು ಬಡದದ್ದು ಅವಗ. ಈ ಶಾಯೀನ ನನಗ್ಯಾಕ ಹಚ್ಚಿದರು?" ಎಂದು ಅಪ್ಪ ಕೈ ಬಿಡಿಸಿಕೊಂಡ.