ಮಾಧುರಿ ಕಂಡ ಹಸಿರು

ಅಬುಧಾಬಿಯ ವಿಮಾ ಕಚೇರಿಯಲ್ಲಿ ಕೂತು, ಕೆನ್ಯಾದ ಮೇಕೆಗಳಿಗೆ ಮೇವಿದೆಯೋ ಇಲ್ಲವೋ ಎಂದು ಹೇಳುವುದು ಮಾಧುರಿಯ ಕೆಲಸ. ಕೇಳಿದವರು ನಗುತ್ತಿದ್ದರು, ನಗಲಿ ಬಿಡಿ. ಉಪಗ್ರಹದ ಚಿತ್ರದಲ್ಲಿ ಹಸಿರು ಇಂತಿಷ್ಟಕ್ಕಿಂತ ಕಡಿಮೆಯಾದರೆ ಅಲ್ಲಿನ ಮೇಕೆ ಕಾಯುವವರಿಗೆ ಮೇವಿನ ಹಣ ಹೋಗಬೇಕು, ಅದೂ ಜೀವಗಳು ಸಾಯುವ ಮುಂಚೆಯೇ. ಬಾಗಲಕೋಟೆ ಕಡೆಯ ಕುರುಬರ ಮಗಳು ಈ ಕೆಲಸವನ್ನು ಆಸೆಪಟ್ಟೇ ಹಿಡಿದಿದ್ದಳು.

೨೦೧೭ರ ಫೆಬ್ರವರಿಯಲ್ಲಿ ಒಂದು ಬಯಲಿನ ಚಿತ್ರ ಬಂತು. ಬಯಲಿಡೀ ಹಸಿರು. ಹಣ ಕೊಡುವ ಅಗತ್ಯವಿಲ್ಲ ಎಂದು ಬರೆದು ಸಹಿ ಹಾಕಿದಳು.

ಮೂರೇ ದಿನಕ್ಕೆ ಆ ಬಯಲಿನಿಂದ ಹಲೀಮಾ ಎಂಬ ವಿಧವೆಯ ಫೋನು. ವಿಮೆ ಮಾಡಿಸಿದ್ದ ಏಜೆಂಟನನ್ನು ಕಾಡಿ ನಂಬರು ಪಡೆದಿದ್ದಳು. ಅರೆಬರೆ ಇಂಗ್ಲಿಷಿನಲ್ಲಿ ಒಂದೇ ಮಾತು: “ಮೇಡಂ, ಇಲ್ಲಿ ಮೇವಿಲ್ಲ. ಬಂದು ನೋಡಿ.”

ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡಳು ಮಾಧುರಿ. ಹಾಗೆ ಅಂದುಕೊಂಡಳಲ್ಲಾ, ಅಯ್ಯೋ!

ಹಲೀಮಾ ಫೋಟೋ ಕಳಿಸಿದಳು. ಪಕ್ಕೆಲುಬು ಎಣಿಸುವಂತಿದ್ದ ಮೇಕೆ, ಹಿಂದೆ ದಟ್ಟ ಹಸಿರು ಪೊದೆ. ಅಬುಧಾಬಿಯಂಚಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮಾಧುರಿಯ ಮನೆಯಲ್ಲಿ, ವಿಸಿಟ್ ವೀಸಾದಲ್ಲಿ ಬಂದಿದ್ದ ಅಪ್ಪ ಗುರುಪಾದಪ್ಪ ಅದನ್ನು ನೋಡಿದ.

“ಇದು ಬಳ್ಳಾರಿ ಜಾಲಿ ಐತಲ್ಲವ್ವ! ಇದರ ಎಲಿ ಆಡು, ಕುರಿ ಯಾವೂ ಮುಟ್ಟಂಗಿಲ್ಲ. ನಿನಗ ಗೊತ್ತಿಲ್ಲೇನು?”

ಗೊತ್ತಿತ್ತು. ಮಂದೆಯ ಹಿಂದೆ ಅಲೆದ ಬಾಲ್ಯದಲ್ಲಿ ಅದೇ ಮುಳ್ಳು ಎಷ್ಟು ಸಲ ಕಾಲಿಗೆ ಚುಚ್ಚಿತ್ತೋ. ಹಸಿರು ಕಂಡದ್ದೇ ತಡ ಸಹಿ ಹಾಕಿದ್ದಳು; ಯಾವ ಹಸಿರು ಎಂದು ಕೇಳಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ.

ಮರುದಿನ ಮ್ಯಾನೇಜರ್ ಮುಹಿಯುದ್ದೀನ್ ಮುಂದೆ ನಿಂತಳು. ಮಂಗಳೂರು ಕಡೆಯವರು, ಕೆಟ್ಟವರೇನಲ್ಲ.

“ಸಹಿ ಆದ್ಮೇಲೆ ಖಲಾಸ್ ಮಾರಾಯ್ತಿ. ಪುನಃ ಓಪನ್ ಮಾಡ್ಲಿಕ್ಕೆ ಜಾಗಕ್ಕೆ ಹೋಗಿ ನೋಡಿದ ರಿಪೋರ್ಟ್ ಬೇಕು.”

“ತಪ್ಪು ನಂದ್ರೀ ಸರ್. ನನ್ನ ಕೆಲಸ ಹೋದ್ರೂ ಚಿಂತಿಲ್ಲ, ಅವ್ರಿಗೆ ಕೊಡ್ಸಿ.”

ಅತ್ತಳು, ಅಂಗಲಾಚಿದಳು, ಕಂಡಕಂಡವರಿಗೆಲ್ಲ ಪತ್ರ ಬರೆದಳು. ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಆಮೆಯಂತೆ ಹೋಯಿತು. ದಿನಾ ಹಲೀಮಾಳ ಫೋನು. ನಲವತ್ತು ಮೇಕೆ ಹನ್ನೊಂದಾದವು, ಹನ್ನೊಂದು ನಾಲ್ಕಾದವು. “ಇನ್ನೆರಡೇ ದಿನ” ಎಂದು ಹೇಳೀ ಹೇಳೀ ಮಾಧುರಿಗೆ ತನ್ನ ದನಿಯೇ ಹೇಸಿಗೆಯಾಯಿತು.

ಏಳು ವಾರಕ್ಕೆ ಒಪ್ಪಿಗೆ ಬಂತು. ಮನೆಗೆ ಬಂದವಳೇ, ಚಪ್ಪಲಿಯನ್ನೂ ಬಿಡದೆ, ಅವಳೇ ಫೋನು ಮಾಡಿದಳು.

“ಹಲೀಮಾ, ಹಣ ಬರ್ತದೆ! ನಾಳೇನೇ ಮೇವು ತಗೋ!”

ಆ ಕಡೆಯಿಂದ ಸಿಟ್ಟಿಲ್ಲದ ದನಿಯಲ್ಲಿ, “ತಗೊಂಡು ಯಾವುದಕ್ಕೆ ಹಾಕಲಿ, ಮೇಡಂ?”

ಮಾಧುರಿ ಅಪ್ಪನ ಮುಂದೆ ನೆಲದ ಮೇಲೆ ಕೂತಳು. “ಅಪ್ಪಾ, ಅವನ್ನ ನಾನ ಕೊಂದೆ” ಎಂದು ಗುರುಪಾದಪ್ಪನ ಮೊಣಕಾಲು ಹಿಡಿದು ಅತ್ತಳು.

ಮಗಳ ತಲೆ ಸವರಿದ ಆತ. ಅಲ್ಲ ಎನ್ನಬೇಕೆಂದು ಬಾಯಿ ತೆರೆದ. ಜೀವಮಾನವಿಡೀ ಕುರಿ ಕಾಯ್ದವನಿಗೆ ಆ ಮಾತು ಹೊರಡಲಿಲ್ಲ.