ಶಿಗೆಮಾತ್ಸುವಿನ ಕೈಗುಣ

ಕಾರ್ಡು ಆಡಿಯೇ ಬದುಕುತ್ತೇನೆ ಎಂದು ಹೊರಟವನಿಗೆ ಯಾರು ತಾನೇ ಹೆಣ್ಣು ಕೊಡುತ್ತಾರೆ? ಆದರೂ ಶಿಗೆಮಾತ್ಸು ಯಾಸುನಾರಿಗೆ ಚಿಜುರುವಿನಂಥ ಹೆಂಡತಿ ಸಿಕ್ಕಳು. ನಗೋಯಾದ ಓಸು ಬಜಾರಿನಲ್ಲಿ ಇದನ್ನು ಅವನ ಮೊದಲನೆಯ ಅದೃಷ್ಟ ಎನ್ನುತ್ತಾರೆ. ಎರಡನೆಯದು ಅವನ ಕೈಗುಣ. ಆ ಕೈಗುಣದ ಕತೆಯನ್ನೇ ಈಗ ಹೇಳಹೊರಟಿರುವುದು. ಕೇಳಿ ಖುಷಿಪಡುವಂಥ ಕತೆಯೇನಲ್ಲ.

ಆಟದ ಹೆಸರು ಮಿತಾಮಾ. ಇಸ್ಪೀಟಲ್ಲ, ಜೂಜೂ ಅಲ್ಲ. ದೆವ್ವ, ದೇವರು, ಮೃಗ, ಪಕ್ಷಿ ಎಂದು ನೂರೆಂಟು ಬಗೆಯ ಚಿತ್ರದ ಕಾರ್ಡುಗಳು; ಅದರಲ್ಲಿ ಬೇಕಾದ್ದನ್ನು ಆರಿಸಿ ತನ್ನದೇ ಒಂದು ಕಟ್ಟು ಮಾಡಿಕೊಂಡು ಎದುರಾಳಿಯ ಜೊತೆ ಕಾದಾಡಬೇಕು. ಶಾಲೆ ಬಿಟ್ಟ ಮಕ್ಕಳು ಆಡುತ್ತಾರೆ, ಆಫೀಸು ಬಿಟ್ಟ ಗಂಡಸರು ಟೈ ಸಡಿಲಿಸಿಕೊಂಡು ಆಡುತ್ತಾರೆ. ಅದನ್ನೇ ಕಸುಬು ಮಾಡಿಕೊಂಡವರು ಬೆರಳೆಣಿಕೆಯಷ್ಟು ಮಂದಿ. ಶಿಗೆಮಾತ್ಸು ಅವರಲ್ಲೊಬ್ಬ. ಓಸುವಿನಲ್ಲಿ ಮಿಠಾಯಿ ಅಂಗಡಿಯ ಮೇಲಿನ ಮಹಡಿಯಲ್ಲಿ ಉಸಾಮಿ ಎಂಬ ಗಟ್ಟಿಗಿತ್ತಿ ಹೆಂಗಸಿನ ಕಾರ್ಡು ಅಂಗಡಿಯಿದೆ. ಆಕೆಯ ಅಂಗಡಿಯ ಹೆಸರು ಬರೆದ ನೀಲಿ ಅಂಗಿ ತೊಟ್ಟು ಅವನು ಪಂದ್ಯಗಳಿಗೆ ಹೋಗುತ್ತಿದ್ದ. ಉಳಿದ ದಿನ ಅಲ್ಲೇ ಕೂತು ಬಂದವರಿಗೆ ಆಟ ಕಲಿಸುತ್ತಿದ್ದ. ಅದೇ ನೌಕರಿ, ಅದೇ ಸಂಬಳ.

ಅವನ ಅಪ್ಪ ಅರಿಮಾತ್ಸು ಎಂಬ ಊರಿನಲ್ಲಿ ಬಟ್ಟೆಗೆ ದಾರದ ಗಂಟು ಕಟ್ಟಿ ನೀಲಿ ಬಣ್ಣಕ್ಕೆ ಅದ್ದುವ ಕುಶಲಕರ್ಮಿ. ಒಂದೇ ಒಂದು ಗಂಟು ತಪ್ಪಿದರೂ ಇಡೀ ಥಾನನ್ನು ಪಕ್ಕಕ್ಕೆ ಎಸೆಯುವ ಹಟಮಾರಿ. ಮಗ ಎಳೆಯ ಪ್ರಾಯದಲ್ಲೇ ದೇಶಕ್ಕೆ ಮೊದಲಿಗನಾಗಿ ಗೆದ್ದು, ಬಹುಮಾನವಾಗಿ ಬಂದ 'ಬೆಳ್ಳಿ ಕೊಕ್ಕರೆ' ಎಂಬ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಅಪ್ಪನ ಮುಂದೆ ನಿಂತಿದ್ದ. ಬೆಳ್ಳಿಯ ಹಾಳೆ ಅಂಟಿಸಿದ, ಬೆಳಕಿಗೆ ಹಿಡಿದರೆ ಥಳಥಳ ಹೊಳೆಯುವ ಕಾರ್ಡು. ಅಪ್ಪ ತಲೆಯೆತ್ತಲಿಲ್ಲ.

"ಕೈ ಇರೋದು ಕೆಲಸ ಮಾಡೋಕೆ ಕಣೋ, ಎಲೆ ಕಲಸೋಕಲ್ಲ" ಎಂದ.

ಅಷ್ಟೇ. ಸಾಯುವವರೆಗೂ ಆ ಕಾರ್ಡನ್ನು ಅವನು ನೋಡಲಿಲ್ಲ. ಮಗನ ಹೊಟ್ಟೆಯಲ್ಲಿ ಆ ಮಾತು ಮುಳ್ಳಿನಂತೆ ಉಳಿದುಬಿಟ್ಟಿತು. ಆ ಗೆಲುವಾದ ಮೇಲೆ ಅಪ್ಪ ಇರುವಷ್ಟು ಕಾಲ ಅವನಿಗೆ ಇನ್ನೊಂದು ಗೆಲುವೂ ದಕ್ಕಲಿಲ್ಲ. ಎಲ್ಲಾ ಪಂದ್ಯಕ್ಕೂ ಹೋಗುತ್ತಿದ್ದ, ನಡುವೆಯೇ ಸೋತು ಜೋಲುಮುಖ ಹಾಕಿಕೊಂಡು ಬರುತ್ತಿದ್ದ. ಉಸಾಮಿ "ನಿನ್ನನ್ನ ಇಟ್ಕೊಳ್ಳೋ ಬದಲು ಒಂದು ಗಿಣಿ ಸಾಕಿದ್ರೆ ಗಿರಾಕಿಗಳಾದ್ರೂ ಬರ್ತಿದ್ರು" ಎಂದು ಬಯ್ಯುತ್ತಲೇ ಅವನನ್ನು ಇಟ್ಟುಕೊಂಡಿದ್ದಳು.

ಅಪ್ಪ ತೀರಿಕೊಂಡ. ಒಬ್ಬನೇ ಮಗನಾದ್ದರಿಂದ ಹಿರಿಯರ ಪೂಜೆಯ ಕಪಾಟು ಇವನ ಪುಟ್ಟ ಮನೆಗೆ ಬಂತು. ಚಿಜುರು ದಿನಾ ಬೆಳಿಗ್ಗೆ ಅದರೆದುರು ಊದುಬತ್ತಿ ಹಚ್ಚಿ, ಮಾಡಿದ ಅನ್ನದಲ್ಲಿ ಮೊದಲ ಸೌಟನ್ನು ಪುಟ್ಟ ಬಟ್ಟಲಿಗೆ ಹಾಕಿ ಮಾವನ ಫೋಟೋದ ಮುಂದೆ ಇಡುತ್ತಿದ್ದಳು. ಅನ್ನ ಬಿಸಿಬಿಸಿಯಾಗಿಯೇ ಇರಬೇಕು. ಅದರ ಆವಿಯೇ ತೀರಿಕೊಂಡವರ ಪಾಲು. ಆರಿದ ಅನ್ನ ಇಟ್ಟರೆ ಅವರಿಗೆ ಉಪವಾಸವೇ.

ಆಮೇಲೆ ಬಂದ ಮೊದಲ ಪಂದ್ಯದ ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಿದ್ದ ಗಂಡನನ್ನು ಚಿಜುರು ತಡೆದಳು.

"ರೀ, ಆ ಕೊಕ್ಕರೆ ಕೊಡಿ ಇಲ್ಲಿ. ಮಾವನೋರಿಗೆ ತೋರಿಸಿ ಹೋಗಿ. ಇದ್ದಾಗ ನೋಡಲಿಲ್ಲ, ಈಗಾದ್ರೂ ನೋಡ್ಲಿ."

"ಈಗ ಮಾತ್ರ ನೋಡ್ತಾರಾ?"

"ಎಲ್ಲಿಗೆ ಎದ್ದು ಹೋಗ್ತಾರೆ? ಎದುರಿಗಿಟ್ರೆ ನೋಡಲೇಬೇಕು."

ಅವಳು ಕಾರ್ಡನ್ನು, ಕಟ್ಟಿನ ಪ್ರತಿ ಕಾರ್ಡಿಗೂ ಹಾಕುವ ತೆಳು ಪ್ಲಾಸ್ಟಿಕ್ ಕವರಿನಿಂದ ತೆಗೆದು, ಮುಖ ಫೋಟೋದ ಕಡೆಗೆ ಮಾಡಿ, ಅನ್ನದ ಬಟ್ಟಲಿಗೆ ಒರಗಿಸಿ ಇಟ್ಟಳು. ಇಬ್ಬರೂ ಕೈಮುಗಿದರು. ಅವನು ಸ್ನಾನದ ಮನೆಯಲ್ಲಿ ತಲೆ ಬಾಚಿಕೊಂಡು ಬಂದು, ಕೊಕ್ಕರೆಯನ್ನು ಮತ್ತೆ ಕವರಿಗೆ ತೂರಿಸಿ, ಕಟ್ಟಿಗೆ ಸೇರಿಸಿಕೊಂಡು ಹೊರಟ.

ಅವತ್ತು ಗೆದ್ದುಬಂದ. ಅಲ್ಲಿಂದ ಶುರುವಾಯಿತು ನೋಡಿ ಕೈಗುಣ! ಮಿತಾಮಾದಲ್ಲಿ ಒಂದು ಕಟ್ಟಿಗೆ ಒಂದೇ ಕೊಕ್ಕರೆ ಇಟ್ಟುಕೊಳ್ಳಬಹುದು. ಅದು ಸಮಯಕ್ಕೆ ಕೈಗೆ ಬಂದರೆ ಸೋತ ಆಟವೂ ತಿರುಗುತ್ತದೆ, ಬಾರದಿದ್ದರೆ ಇಲ್ಲ. ಶಿಗೆಮಾತ್ಸುವಿಗೆ ಬರುತ್ತಿತ್ತು. ಅವನೇನೂ ಮಾಡುವಂತಿರಲಿಲ್ಲ. ಅವನು ಕಲಸಿ ಕೊಡಬೇಕು, ಎದುರಾಳಿ ಮೇಲಿನ ಒಂದಿಷ್ಟನ್ನು ಎತ್ತಿ ಕೆಳಗಿಟ್ಟು ಕಟ್ ಮಾಡಬೇಕು, ಆಮೇಲೆ ಎಳೆಯಬೇಕು; ಅದು ನಿಯಮ. ಎದುರಾಳಿಯ ಕೈಯಿಂದಲೇ ಕಟ್ ಆದ ಕಟ್ಟಿನ ಮೇಲೆ ಕೊಕ್ಕರೆ ಬಂದು ಕೂತಿರುತ್ತಿತ್ತು. ಸುತ್ತ ನಿಂತವರು "ಎಳೆದ! ಎಳೆದ!" ಎಂದು ಕೂಗುತ್ತಿದ್ದರು. ಬೆಳಗಿನ ಸುತ್ತುಗಳಲ್ಲಿ ಹುಲಿ, ಸಂಜೆಯಾಗುತ್ತಾ ಸ್ವಲ್ಪ ಮಂಕು. ವಯಸ್ಸಾಯಿತಲ್ಲ, ದಣಿಯುತ್ತಾನೆ ಎನ್ನುತ್ತಿದ್ದರು ಜನ. ಅಂತೂ ಉಸಾಮಿಯ ಅಂಗಡಿಯ ಗೋಡೆ ತುಂಬ ಅವನ ಫೋಟೋ.

ಯಾರು ಏನೇ ಹೇಳಲಿ, ಶಿಗೆಮಾತ್ಸುವಿಗೆ ಕೈಗುಣದ ಗುಟ್ಟು ಗೊತ್ತಿತ್ತು. ಅಪ್ಪ ಕ್ಷಮಿಸಿದ್ದಾನೆ. ನೋಡದ ಕಾರ್ಡನ್ನು ನೋಡಿದ್ದಾನೆ. ಒಮ್ಮೆ ಗೆದ್ದು ಬಂದ ಸಂಜೆ ಚಿಜುರುವಿನ ಎದುರು ಅದನ್ನು ಹೇಳಿ, ಇಷ್ಟು ದೊಡ್ಡ ಗಂಡಸು ಬಿಕ್ಕಿಬಿಕ್ಕಿ ಅತ್ತಿದ್ದ.

ಕಳೆದ ಜೂನಿನಲ್ಲಿ, ಗೋಡೆಯೂ ಬೆವರುವ ಆ ಜಡಿಮಳೆಯ ದಿನಗಳಲ್ಲಿ, ದೊಡ್ಡ ಪಂದ್ಯವೊಂದರ ಕೊನೆಯ ಸುತ್ತು. ಎದುರಿಗೆ ಹೊತ್ತಾ ಕಾನೊನ್ ಎಂಬ ಹುಡುಗಿ. ಕಾಲೇಜು ಮುಗಿಸಿಲ್ಲ, ಕಣ್ಣು ಮಾತ್ರ ಹದ್ದಿನದು. ಅವಳು ಕಟ್ ಮಾಡಿದಳು, ಕೊಕ್ಕರೆ ಬಂತು. ನಡುವೆ ಮತ್ತೆ ಕಲಸುವ ಸಂದರ್ಭ ಬಂದು ಮತ್ತೆ ಕಟ್ ಮಾಡಿದಳು, ಮತ್ತೆ ಬಂತು. ಜನ ಕೂಗಿದರು. ಅವಳು ಕೂಗಲೂ ಇಲ್ಲ, ಮುಖ ಸಿಂಡರಿಸಲೂ ಇಲ್ಲ. ತನ್ನ ಬೆರಳುಗಳನ್ನೇ ನೋಡಿಕೊಂಡಳು.

"ಕ್ಷಮಿಸಿ, ಶಿಗೆಮಾತ್ಸು ಸಾನ್. ನಿಮ್ಮ ಮೇಲೆ ಅನುಮಾನ ಅಲ್ಲ. ಆದ್ರೆ ನಾನು ಎಲ್ಲಿ ಎತ್ಬೇಕು ಅಂದ್ಕೊಂಡ್ರೂ ನನ್ ಕೈ ಅಲ್ಲೇ ಹೋಗಿ ನಿಲ್ತಿದೆ" ಎಂದು, ಕೈಯೆತ್ತಿ ತೀರ್ಪುಗಾರನನ್ನು ಕರೆದಳು.

ತೀರ್ಪುಗಾರ ಕಟ್ಟನ್ನು ಮೇಜಿನ ಮೇಲಿಟ್ಟು, ಕಣ್ಣು ಬೇರೆ ಕಡೆ ಮಾಡಿ ಮೇಲಿನ ಕಾರ್ಡುಗಳನ್ನು ಎತ್ತಿದ. ಕೆಳಗೆ ಕೊಕ್ಕರೆ. ಕಲಸಿ ಮತ್ತೆ ಎತ್ತಿದ. ಕೊಕ್ಕರೆ. ಅದನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರೆ ಹಂಚಿನಂತೆ ಬೆನ್ನು ಉಬ್ಬಿಸಿ ಕೂತಿತ್ತು. ಉಬ್ಬಿದ ಕಾರ್ಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು. ಎತ್ತುವ ಬೆರಳು ಆ ಸಂದಿಗೇ ಬೀಳುತ್ತದೆ. ಗುರುತು ಇರುವ ಕಾರ್ಡು ಎಂದು ತೀರ್ಮಾನವಾಯಿತು. ಪಂದ್ಯ ಹೊತ್ತಾಳದ್ದು.

ಜನರ ಬಾಯಿ ಕೇಳಬೇಕೆ! ಮೊನ್ನೆವರೆಗೆ "ಎಳೆದ" ಎಂದು ಕುಣಿದವರೇ "ಕಳ್ಳ, ಅದಕ್ಕೇ ಬರ್ತಿತ್ತು" ಎಂದು ಇಂಟರ್ನೆಟ್ಟಿನಲ್ಲಿ ಬರೆದರು. ಅಂಗಡಿಗೆ ಬಂದು ಒಬ್ಬ ನಕ್ಕಿದ್ದಕ್ಕೆ ಉಸಾಮಿ ಪೊರಕೆ ಎತ್ತಿಕೊಂಡಳು.

"ಯಾರೋ ಮರೆತುಹೋದ ಕೊಡೆ ಹಿಡ್ಕೊಂಡು ಮಳೇಲಿ ಸ್ಟೇಷನ್ ತನಕ ಓಡಿದೋನು ಅವನು! ಅವನು ಮೋಸ ಮಾಡ್ತಾನಾ? ಮೋಸ ಮಾಡೋ ಬುದ್ಧಿ ಇದ್ದಿದ್ರೆ ಇಷ್ಟೊತ್ತಿಗೆ ಮನೆ ಕಟ್ಟಿಸ್ತಿದ್ದ. ಇಳಿ ಕೆಳಗೆ!"

ಆಟದ ಸಂಘದವರು ಕರೆಸಿ ಕೇಳಿದರು. ಹಳೆಯ ಪಂದ್ಯಗಳ ತಪಾಸಣೆಯ ದಾಖಲೆಗಳನ್ನೆಲ್ಲ ತಿರುವಿ ನೋಡಿದರು. ಎಷ್ಟೋ ಸಲ ಇವನ ಕಟ್ಟನ್ನು ಪರೀಕ್ಷಿಸಿದ್ದುಂಟು, ಎಲ್ಲಾ ಮಧ್ಯಾಹ್ನದ ಮೇಲೆ. ಯಾವತ್ತೂ ಏನೂ ಸಿಕ್ಕಿರಲಿಲ್ಲ. ಬೆಳ್ಳಿ ಹಾಳೆಯ ಕಾರ್ಡು ಮಳೆಗಾಲದ ತೇವಕ್ಕೆ ಬಾಗಿದೆ, ಇವನದೇನೂ ತಪ್ಪಿಲ್ಲ, ಮುಂದೆ ಆಡಬಹುದು ಎಂದರು. ಹೊತ್ತಾ ಫೋನ್ ಮಾಡಿ ಕ್ಷಮೆ ಕೇಳಿದಳು. ಶಿಗೆಮಾತ್ಸು ಅವಳಿಗೇ ಸಮಾಧಾನ ಹೇಳಿದ. ತಪ್ಪು ಮಳೆಯದು, ಆ ಸಭಾಂಗಣದ್ದು, ಕೈಗುಣದ್ದಲ್ಲ. ಕೊಕ್ಕರೆಯನ್ನು ದಪ್ಪನೆಯ ನಿಘಂಟಿನ ಕೆಳಗೆ ಅದುಮಿಟ್ಟ. ಅದು ಕನ್ನಡಿಯಂತೆ ಚಪ್ಪಟೆಯಾಯಿತು.

ಶರತ್ಕಾಲದ ಪಂದ್ಯದ ದಿನ. ಮಳೆಯಿಲ್ಲ, ಒಣ ಬಿಸಿಲು. ಉಸಾಮಿ ಹೊಸ ಅಂಗಿ ಹೊಲಿಸಿದ್ದಳು, ಸ್ಟೇಷನ್ನಿನಲ್ಲಿ ಕಾಯುತ್ತೇನೆ ಎಂದಿದ್ದಳು. ಇವತ್ತು ಗೆದ್ದರೆ ಹೆಸರಿಗೆ ಅಂಟಿದ ಮಸಿ ಹೋಗುತ್ತದೆ, ಅಂಗಡಿಯ ಗೋಡೆಯ ಫೋಟೋಗಳ ಮುಂದೆ ಮತ್ತೆ ತಲೆಯೆತ್ತಿ ಕೂರಬಹುದು. ಚಿಜುರು ಎಂದಿನಂತೆ ಕೊಕ್ಕರೆಯನ್ನು ಅನ್ನದ ಬಟ್ಟಲಿಗೆ ಒರಗಿಸಿದಳು. ಕೈಮುಗಿದರು. ಅವನು ತಲೆ ಬಾಚಲು ಹೋದ. ಅಂಗಿಯ ಗುಂಡಿಯೊಂದು ಬಿಗಿಯಾಗಿ ಸ್ವಲ್ಪ ತಡವಾಯಿತು. ಬಂದು ಕಾರ್ಡನ್ನು ಎತ್ತಿಕೊಂಡ.

ಬೆಚ್ಚಗಿತ್ತು. ಹಿಂಬದಿಯ ಕಾಗದಕ್ಕೆ ಸಣ್ಣ ಪಸೆ. ಅಂಗೈ ಮೇಲಿಟ್ಟುಕೊಂಡರೆ, ರಾತ್ರಿ ಚಪ್ಪಟೆಯಾಗಿದ್ದ ಕೊಕ್ಕರೆ ಬೆನ್ನು ಉಬ್ಬಿಸಿತ್ತು. ಬಟ್ಟಲಿನ ಅನ್ನದಿಂದ ಆವಿ ಇನ್ನೂ ಏಳುತ್ತಿತ್ತು.

ಅವನು ಅಲ್ಲೇ ಚಾಪೆಯ ಮೇಲೆ ಕೂತ. ಕಾರ್ಡನ್ನು ಕವರಿಗೆ ಹಾಕಿ, ಕಟ್ಟಿಗೆ ಸೇರಿಸಿ, ಕಲಸಿದ.

"ಚಿಜುರು, ಬಾ ಇಲ್ಲಿ. ಇದನ್ನ ಕಟ್ ಮಾಡು."

"ನಂಗೇನ್ ಬರುತ್ತೆ ಇದು? ಟ್ರೈನ್ ತಪ್ಪುತ್ತೆ ಕಣ್ರೀ."

"ಎತ್ತಿ ಕೆಳಗಿಡು ಅಷ್ಟೇ. ಮೇಲಿಂದು ತೋರಿಸು."

ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಕಟ್ ಮಾಡಿ, ಮೇಲಿನ ಕಾರ್ಡು ತಿರುಗಿಸಿದಳು. ಕೊಕ್ಕರೆ! ಚಪ್ಪಾಳೆ ತಟ್ಟಿ ನಕ್ಕಳು.

"ನೋಡಿ, ನೋಡಿ! ಕೈಗುಣ ಎಲ್ಲೂ ಹೋಗಿಲ್ಲ. ನಿಮ್ಮ ಹೆಂಡ್ತಿ ಕೈಗೂ ಬಂದಿದೆ!"

"ಇನ್ನೊಂದ್ಸಲ" ಎಂದು ಅವನು ಕಲಸಿ ಕೊಟ್ಟ.

ಕೊಕ್ಕರೆ. ಅವಳು ಮತ್ತೆ ನಕ್ಕಳು. ಮತ್ತೆ ಕಲಸಿ ಕೊಟ್ಟ. ಈ ಸಲ ಕಾರ್ಡು ತಿರುಗಿಸಿದವಳು ನಗಲಿಲ್ಲ. ಗಂಡನ ಮುಖ ನೋಡಿದಳು, ಕಾರ್ಡಿನ ಬೆನ್ನು ನೋಡಿದಳು, ಕೊನೆಗೆ ಅನ್ನದ ಬಟ್ಟಲನ್ನು ನೋಡಿದಳು. ಅದನ್ನು ಅಲ್ಲಿಟ್ಟಿದ್ದು ಅವಳೇ. ಪ್ರತಿ ಸಲವೂ ಅವಳೇ. ಮಳೆಗಾಲದಲ್ಲಿ ಮಾತ್ರ ಅಲ್ಲ, ಚಳಿಯಲ್ಲೂ ಬಿಸಿಲಲ್ಲೂ. ಬೆಳಿಗ್ಗೆ ಆವಿಗೆ ಬಾಗಿ, ಮಧ್ಯಾಹ್ನ ಒಣಗಿ ನೆಟ್ಟಗಾಗುತ್ತಿದ್ದದ್ದು; ಜೂನಿನ ಆ ತೇವದ ದಿನ ಮಾತ್ರ ಒಣಗಿರಲಿಲ್ಲ.

"ನಾನೇ..." ಎಂದಳು.

"ನೀನಲ್ಲ. ನಂಗೂ ಗೊತ್ತಾಗ್ಲಿಲ್ಲ."

ಅವಳು ಅವನ ತೋಳು ಹಿಡಿದುಕೊಂಡಳು. "ರೀ, ಆವಿ ಅಂದ್ರೆ ಮಾವನೋರ ಪಾಲು ಅಲ್ವಾ? ಆವಿಯಿಂದ ಬಂತು ಅಂದ್ರೆ ಅವರಿಂದಲೇ ಬಂತು. ಅವರೇ ಕೊಟ್ಟಿದ್ದು ಅಂದ್ಕೊಳ್ಳಿ. ಯಾರಿಗೂ ಗೊತ್ತಿಲ್ಲ. ಇವತ್ತು ಇದನ್ನ ಚಪ್ಪಟೆ ಮಾಡಿ ಆಡಿ. ನಡೀರಿ, ಏಳಿ."

ಅವನು ಫೋಟೋದ ಕಡೆ ನೋಡಿದ. ಒಂದು ಗಂಟು ತಪ್ಪಿದ್ದಕ್ಕೆ ಥಾನನ್ನೇ ಎಸೆದ ಮನುಷ್ಯ ಅಲ್ಲಿಂದ ಎಂದಿನಂತೆ ತುಟಿ ಬಿಗಿದುಕೊಂಡು ನೋಡುತ್ತಿದ್ದ.

"ಅಪ್ಪ ಆಗಿದ್ರೆ ಹೀಗೆ ಗೆಲ್ಲಿಸ್ತಿರಲಿಲ್ಲ ಕಣೇ" ಎಂದ ಶಿಗೆಮಾತ್ಸು. "ಅವರು ಇದನ್ನ ನೋಡೇ ಇಲ್ಲ."

ಫೋನು ಹೊಡೆದುಕೊಂಡಿತು. ಉಸಾಮಿ.

"ಎಲ್ಲಿ ಸತ್ತೆಯೋ ಯಾಸು? ಟ್ರೈನ್ ಬಂತು! ನಿನ್ನ ಕೈಗುಣ ನೋಡೋಕೆ ಇಡೀ ಓಸು ಇಲ್ಲಿ ನಿಂತಿದೆ!"

"ನಾನು ಬರಲ್ಲ, ಉಸಾಮಿ ಸಾನ್. ಫೋಟೋಗಳನ್ನ ಇಳಿಸಿಬಿಡಿ. ಯಾಕೆ ಅಂತ ನಾನೇ ಸಂಘಕ್ಕೆ ಹೋಗಿ ಹೇಳ್ತೀನಿ. ಎಲ್ಲಾ ಗೆಲುವಿನದ್ದೂ."

ಆಚೆಯಿಂದ ಅವಳು ಏನೇನೋ ಕೂಗುತ್ತಿದ್ದಳು. ಅವನು ಫೋನು ಕೆಳಗಿಟ್ಟು, ಹೊಸ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಬಟ್ಟಲಿನ ಅನ್ನ ಆರಿತ್ತು. ಚಿಜುರು ಅದನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು, ಬಹಳ ಹೊತ್ತು ಆಚೆ ಬರಲಿಲ್ಲ. ಮರುದಿನ ಬೆಳಿಗ್ಗೆ ಮಾವನ ಫೋಟೋದ ಮುಂದೆ ಬಿಸಿ ಅನ್ನ ಇಟ್ಟಳು. ಅನ್ನ ಮಾತ್ರ ಇಟ್ಟಳು.